ಮೊದಲು ನೀರು, ಆಮೇಲೆ ಮೀನು

ನಮ್ಮ ಕ್ಷೌರದಂಗಡಿಯಲ್ಲಿ ಮೂರು ಕುರ್ಚಿಗಳಿದ್ದವು. ಒಂದು ನನ್ನದು, ಒಂದು ಅಪ್ಪನದು. ಮೂರನೆಯದರಲ್ಲಿ ಗಿರಾಕಿ ಕೂತು ವರ್ಷಗಳೇ ಆಗಿದ್ದವು. ಹಳೆಯ ಪೇಪರು, ಒಗೆಯಬೇಕಾದ ಟವೆಲು, ಯಾರೋ ಮರೆತುಹೋದ ಕೊಡೆ, ಇವೇ ಅದರಲ್ಲಿ ಆರಾಮಾಗಿ ಒರಗಿಕೊಂಡಿರುತ್ತಿದ್ದವು. ಆ ಕುರ್ಚಿಯನ್ನು ನೆಲದಿಂದ ಬಿಚ್ಚಿಸಿ, ಅದರ ಜಾಗದಲ್ಲಿ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ, ಅದರ ಮೇಲೊಂದು ಗಾಜಿನ ತೊಟ್ಟಿ ಇಟ್ಟೆ. ಅಷ್ಟಕ್ಕೇ ಮನೆಯವರೆಲ್ಲ ನನಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿಬಿಟ್ಟರು.

ನನಗೇನೂ ಮೊದಲಿನಿಂದ ಮೀನಿನ ಹುಚ್ಚಿರಲಿಲ್ಲ. ಇದ್ದದ್ದು ಮಕ್ಕಳ ತಲೆಯ ಚಿಂತೆ. ಕತ್ತರಿ ಕಿವಿಯ ಹತ್ತಿರ ಬಂತೆಂದರೆ ಸಾಕು, ಮಗು ಸರಕ್ಕನೆ ಕತ್ತು ತಿರುಗಿಸುತ್ತದೆ. ತಾಯಿ ಒಂದು ಕಡೆಯಿಂದ ಚಪ್ಪಾಳೆ ತಟ್ಟುತ್ತಾಳೆ, ತಂದೆ ಇನ್ನೊಂದು ಕಡೆಯಿಂದ ಮೊಬೈಲು ಹಿಡಿಯುತ್ತಾನೆ, ಮಗು ಇಬ್ಬರನ್ನೂ ಬಿಟ್ಟು ಬಾಗಿಲ ಕಡೆ ನೋಡಿ ಅಳುತ್ತದೆ. ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ ಅಲ್ಲಿನ ತೊಟ್ಟಿಯ ಮುಂದೆ ಒಬ್ಬಳು ಪುಟ್ಟಿ ಬಾಯಿ ತೆರೆದುಕೊಂಡು ಅಲ್ಲಾಡದೆ ನಿಂತಿದ್ದಳು. ಒಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟಿಯಿದ್ದ ಸಮುದ್ರದ ಮೀನು ಎರಡು. ಕತ್ತರಿ ಜೊತೆಗಿದ್ದಿದ್ದರೆ ಆ ತಲೆಯನ್ನು ಅಲ್ಲೇ ಮುಗಿಸಿ ಕಳಿಸುತ್ತಿದ್ದೆ. ಕೂದಲಿನ ಮಾತು ಹೇಳಿದ್ದು.

"ಉಪ್ಪುನೀರಿನ ಮೀನು ನಿನ್ನ ಕೈಲಾಗಲ್ಲ ಬಿಡು," ಅಂದವರು ಚಿಕ್ಕಪ್ಪ. ಅವರು ಹಾಗೆ ಅನ್ನದಿದ್ದರೆ ನಾಲ್ಕು ಗೋಲ್ಡ್ ಫಿಶ್ ತಂದು ಸುಮ್ಮನಾಗುತ್ತಿದ್ದೆನೋ ಏನೋ. ನಿನ್ನ ಕೈಲಾಗಲ್ಲ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಆ ಕೆಲಸದ ಕಡೆಗೇ ಹೋಗುತ್ತದೆ. ರೇಜರ್ ಹಿಡಿದದ್ದೂ ಹಾಗೆಯೇ. ಹೆಣ್ಣುಮಗಳು ಗಂಡಸರ ಗಡ್ಡ ಕೆರೆಯುವುದುಂಟೇ ಎಂದು ಈ ಬೀದಿಯೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತ್ತು. ಈಗ ಅದೇ ಬೀದಿ ನನ್ನ ಮುಂದೆ ಗಲ್ಲ ಎತ್ತಿ ಕೂರುತ್ತದೆ.

ಅಂಗಡಿಯ ಬಾಡಿಗೆ ಕರಾರು ಅಪ್ಪನ ಹೆಸರಿನಲ್ಲಿತ್ತು. ಅಪ್ಪನ ನಾಲಿಗೆ ಮಾತ್ರ ಚಿಕ್ಕಪ್ಪನ ಜೇಬಿನಲ್ಲಿತ್ತು. ತಮ್ಮ ಏನು ಹೇಳಿದರೂ "ಆಯ್ತಪ್ಪ" ಅನ್ನುವವನು ಅಪ್ಪ. ಕೈ ನಡುಗತೊಡಗಿ ಅವನು ರೇಜರ್ ಕೆಳಗಿಟ್ಟ ಮೇಲೆ ಕರಾರನ್ನು ಯಾರ ಹೆಸರಿಗೆ ಮಾಡಿಸುವುದೆಂಬ ಮಾತು ಬಂತು. ಕಟ್ಟಡದ ಮಾಲೀಕರು, ನೀವೇ ಮಾತಾಡಿಕೊಂಡು ಒಂದು ಹೆಸರು ಹೇಳಿ ಅಂದಿದ್ದರು. ನನ್ನ ಹೆಸರು ಅಂದೆ ನಾನು. ನನ್ನ ಮಗನ ಹೆಸರು ಅಂದರು ಚಿಕ್ಕಪ್ಪ. ಅವರ ಮಗನಿಗೆ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕುವ ಆಸೆ. ಕತ್ತರಿ ಹಿಡಿದು ಇಷ್ಟು ವರ್ಷ ನಿಂತ ನಾನು ಎಲ್ಲಿಗೆ ಹೋಗಬೇಕೆಂದು ಯಾರೂ ಕೇಳಲಿಲ್ಲ.

ತೊಟ್ಟಿಗೆ ನೀರು ತುಂಬಿದ ವಾರದಲ್ಲೇ ಚಿಕ್ಕಪ್ಪ ಬಂದರು. ನಾನು ನಿವೃತ್ತ ಬಸ್ ಕಂಡಕ್ಟರ್ ಮಾಮನ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದೆ. ಚಿಕ್ಕಪ್ಪ ತೊಟ್ಟಿಯ ಮುಂದೆ ಬಗ್ಗಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಬಗ್ಗಿದರು.

"ಮೀನೆಲ್ಲಿ?"

"ಇನ್ನೂ ತಂದಿಲ್ಲ."

"ಮತ್ತೆ ಇದರಲ್ಲೇನಿದೆ?"

"ಉಪ್ಪುನೀರು, ಮರಳು, ಕಲ್ಲು."

"ಓಹೋ, ಕಲ್ಲು ಸಾಕ್ತಿದ್ದೀಯ! ಒಳ್ಳೇದಮ್ಮ, ಕೂಗಲ್ಲ, ಕಚ್ಚಲ್ಲ, ಊಟಾನೂ ಕೇಳಲ್ಲ."

ನೊರೆಯ ಒಳಗಿನಿಂದ ಕಂಡಕ್ಟರ್ ಮಾಮ ಕಿಸಕ್ಕನೆ ನಕ್ಕ. ನಗಲು ಜನ ಸಿಕ್ಕರೆ ಚಿಕ್ಕಪ್ಪನಿಗೆ ಹುರುಪು ಬರುತ್ತದೆ. ಅಪ್ಪನ ಕಡೆ ತಿರುಗಿದರು.

"ನೋಡಣ್ಣ, ಒಂದು ಮಾತು ಹೇಳ್ತೀನಿ. ಮುಂದಿನ ತಿಂಗಳ ಕೊನೇಲಿ ಮಾಲೀಕರಿಗೆ ಹೆಸರು ಹೇಳ್ಬೇಕು. ಅಷ್ಟರೊಳಗೆ ಈ ಪೆಟ್ಟಿಗೇಲಿ ಮೀನು ಓಡಾಡಲಿ, ಇವಳ ಹೆಸರೇ ಹಾಕ್ಸು, ನಾನು ಅಡ್ಡ ಬರಲ್ಲ. ಇಲ್ಲಾಂದ್ರೆ ನನ್ನ ಮಗನ ಹೆಸರು. ಏನಂತೀಯ?"

"ಆಯ್ತಪ್ಪ," ಅಂದ ಅಪ್ಪ.

ನನ್ನ ಅನ್ನವನ್ನು ತಮಾಷೆಗೆ ಪಣಕ್ಕಿಟ್ಟು ಇಬ್ಬರೂ ತಲೆಯಾಡಿಸಿದ್ದು ನೋಡಿ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಕೈಗೆ ರೇಜರ್ ಬಂದಿತ್ತು, ಅದರ ಕೆಳಗೆ ಏನೂ ತಪ್ಪು ಮಾಡದ ಕಂಡಕ್ಟರ್ ಮಾಮನ ಕುತ್ತಿಗೆಯಿತ್ತು, ಹಾಗಾಗಿ ಹಲ್ಲು ಕಚ್ಚಿಕೊಂಡೆ. "ಆಗಲಿ ಚಿಕ್ಕಪ್ಪ," ಅಂದೆ. "ಮಾತು ತಪ್ಪೋ ಹಾಗಿಲ್ಲ."

ಅವತ್ತು ಸಂಜೆಯೇ ಮೀನು ತಂದು ಅವರ ಮುಖಕ್ಕೆ ಹೊಡೆದ ಹಾಗೆ ತೋರಿಸಿಬಿಡಬೇಕೆಂದು ಹೊರಟೆ. ಮೀನಿನಂಗಡಿ ಎರಡು ಬೀದಿ ಆಚೆಗಿದೆ. ಒಳಗೆ ಕಾಲಿಟ್ಟರೆ ನೂರು ಪಂಪುಗಳ ಗುಳುಗುಳು. ಅದರ ನಡುವೆ ರಬ್ಬರ್ ಏಪ್ರನ್ ಕಟ್ಟಿಕೊಂಡ ಒಬ್ಬ ಹೆಂಗಸು, ನನ್ನ ಅಕ್ಕನ ವಯಸ್ಸಿನವಳು. ಕಿತ್ತಳೆ ಮೀನು ಎರಡು ಕೊಡಿ ಅಂದೆ.

"ನೀರು ತುಂಬಿ ಎಷ್ಟು ದಿನ ಆಯ್ತು?"

"ಒಂದು ವಾರ."

"ಹಾಗಾದ್ರೆ ಕೊಡಲ್ಲ."

"ದುಡ್ಡು ಕೊಟ್ರೂ?"

"ಕೊಟ್ರೂ. ಸಾಯೋದಕ್ಕೆ ಮಾರಲ್ಲ ನಾನು."

ಬಂದ ಗಿರಾಕಿಗೆ ಮುಖದ ಮೇಲೇ ಇಲ್ಲ ಅಂದ ಆಕೆ ನನಗೆ ಅಲ್ಲೇ ಹಿಡಿಸಿಬಿಟ್ಟಳು. ಯಾಕೆ ಸಾಯುತ್ತದೆಂದು ಕೇಳಿದೆ. ಕೈಯಲ್ಲಿದ್ದ ಬಲೆಯನ್ನು ಪಕ್ಕಕ್ಕಿಟ್ಟು ಆಕೆ ಹೇಳಿದ್ದನ್ನು ನಾನು ಇವತ್ತಿಗೂ ಹಾಗೇ ಹೇಳಬಲ್ಲೆ.

"ಮೀನು ಉಚ್ಚೆ ಹೊಯ್ಯೋದೂ ಅದೇ ನೀರಲ್ಲಿ, ಉಸಿರಾಡೋದೂ ಅದೇ ನೀರಲ್ಲಿ. ಸಮುದ್ರ ದೊಡ್ಡದು, ನಡೆಯುತ್ತೆ. ನಿಮ್ಮ ತೊಟ್ಟಿ ಚಿಕ್ಕದು. ಗಲೀಜೆಲ್ಲ ಅಮೋನಿಯಾ ಆಗುತ್ತೆ, ವಿಷ ಅದು. ಅದನ್ನ ತಿನ್ನೋ ಕ್ರಿಮಿಗಳಿವೆ, ಕಣ್ಣಿಗೆ ಕಾಣಲ್ಲ. ಅವು ಬಂದು ಕಲ್ಲಿನ ಮೇಲೆ, ಮರಳಿನ ಮೇಲೆ ಸಂಸಾರ ಹೂಡಬೇಕು. ಮೊದಲನೇ ಗುಂಪು ಅಮೋನಿಯಾ ತಿಂದು ನೈಟ್ರೈಟ್ ಬಿಡುತ್ತೆ. ಅದೂ ವಿಷಾನೇ. ಅದನ್ನ ತಿನ್ನೋ ಇನ್ನೊಂದು ಗುಂಪು ನಿಧಾನಕ್ಕೆ ಬರುತ್ತೆ. ಅವೆರಡೂ ಬಂದ ಮೇಲೆ ಉಳಿಯೋದು ಅಷ್ಟೇನೂ ಕೆಟ್ಟದ್ದಲ್ಲ, ಆಗಾಗ ಒಂದಿಷ್ಟು ನೀರು ಬದಲಾಯಿಸಿದ್ರೆ ಆಯ್ತು. ಅದಕ್ಕೆ ಮುಂಚೆ ಮೀನು ಬಿಟ್ರೆ ಕಿವಿರು ಸುಟ್ಟುಹೋಗುತ್ತೆ. ಮೊದಲು ನೀರು ಸಾಕಿ, ಆಮೇಲೆ ಮೀನು."

"ಮೀನೇ ಇಲ್ದೆ ಆ ಕ್ರಿಮಿಗಳಿಗೆ ಊಟ?"

"ಒಂದು ಹಸಿ ಸಿಗಡಿ ಹಾಕಿ. ಕೊಳೀಲಿ."

ನೀರು ನೋಡಲು ಎರಡು ಪುಟ್ಟ ಬಾಟಲಿ ಔಷಧಿ, ಎರಡು ಗಾಜಿನ ಕೊಳವೆ ಕೊಟ್ಟಳು. ಅಮೋನಿಯಾದ ಕೊಳವೆ ಹಳದಿ ಬಂದರೆ ವಿಷವಿಲ್ಲ, ಹಸಿರು ಬಂದರೆ ಇದೆ. ನೈಟ್ರೈಟಿನ ಕೊಳವೆ ತಿಳಿನೀಲಿ ಬಂದರೆ ಇಲ್ಲ, ನೇರಳೆ ಬಂದರೆ ಇದೆ. ಹಳದಿಯೂ ತಿಳಿನೀಲಿಯೂ ಒಟ್ಟಿಗೆ ಬಂದ ದಿನ ಬನ್ನಿ ಅಂದಳು.

ಹೀಗೆ ನಮ್ಮ ಅಂಗಡಿಯಲ್ಲಿ ಒಂದು ಸಿಗಡಿ ಕೊಳೆಯತೊಡಗಿತು. ಸೋಪು, ಪೌಡರು, ಎಣ್ಣೆಯ ವಾಸನೆಯ ನಡುವೆ ಅದರದ್ದೂ ಒಂದು ಎಳೆ ಸೇರಿಕೊಂಡಿತು. ಕಂಡಕ್ಟರ್ ಮಾಮ ಮೂಗು ಮುಚ್ಚಿಕೊಂಡು, "ಯಾರನ್ನಮ್ಮ ಹೂತಿದ್ದೀಯ ಅಲ್ಲಿ?" ಅಂತ ಕೇಳಿದ. ಇನ್ನೊಬ್ಬ ಬಂದು, ಮೀನು ಸ್ನಾನಕ್ಕೆ ಹೋಗಿದೆಯಾ ಅಂದ. ಮತ್ತೊಬ್ಬ, ತಾನು ತುಂಬ ಬುದ್ಧಿವಂತನೆಂಬ ಮುಖ ಮಾಡಿಕೊಂಡು, ಬಿಸಿ ಜಾಸ್ತಿಯಾಗಿ ಆವಿಯಾಗಿರಬೇಕು ಅಂದ. ದಿನವೂ ಅದೇ ಹಾಡು ಕೇಳಿ ಕೇಳಿ ತಲೆ ಚಿಟ್ಟು ಹಿಡಿದು, ಕೊನೆಗೊಂದು ರಟ್ಟಿನ ಮೇಲೆ ಬರೆದು ತೊಟ್ಟಿಗೆ ಅಂಟಿಸಿದೆ: "ಮೀನಿಲ್ಲ. ಯಾಕೆಂದು ಕೇಳುವವರ ಕಿವಿಗೆ ಅಂಗಡಿ ಜವಾಬ್ದಾರಿಯಲ್ಲ." ಗಡ್ಡಕ್ಕೆ ಬಂದವರು ಅದನ್ನು ಓದಿ ಗಪ್‌ಚಿಪ್ಪಾಗಿ ಕೂರುತ್ತಿದ್ದರು.

ಮಕ್ಕಳು ಮಾತ್ರ ನನ್ನ ಪಕ್ಷ. ಒಬ್ಬ ಚೋಟುದ್ದದವನು, ಪ್ರತಿಸಲ ಅಂಗಡಿ ಕಿತ್ತುಹೋಗುವಂತೆ ಕಿರುಚುವವನು, ತೊಟ್ಟಿಯನ್ನು ನೋಡುತ್ತಾ ಕೂತವನು ಕೂತೇ ಇದ್ದ. "ಕಲ್ಲಿನ ಹಿಂದೆ ಇದೆ. ನಂಗೆ ಬಾಲ ಕಾಣ್ತು," ಅಂದ. ನಾನು ಇಲ್ಲ ಅನ್ನಲಿಲ್ಲ. ಎರಡೂ ಕಿವಿಯ ಸುತ್ತ ಅಷ್ಟು ಸಲೀಸಾಗಿ ಕತ್ತರಿ ಆಡಿಸಿದ್ದು ಅದೇ ಮೊದಲು. ಖಾಲಿ ನೀರೇ ಇಷ್ಟು ಮಾಡುವುದಾದರೆ ಮೀನು ಬಂದ ಮೇಲೆ ಕೇಳುವುದೇ ಬೇಡ ಎಂದು ಒಳಗೊಳಗೇ ಹಿಗ್ಗಿದೆ.

ಅಪ್ಪ ಪರವಾಗಿಯೂ ಮಾತಾಡಲಿಲ್ಲ, ವಿರೋಧವಾಗಿಯೂ ಮಾತಾಡಲಿಲ್ಲ. ರೇಜರ್ ಬಿಟ್ಟ ಮೇಲೆ ಅಂಗಡಿಯ ಶುಚಿ ಇಲಾಖೆ ಅವನದಾಗಿತ್ತು. ಬಾಚಣಿಗೆಗಳನ್ನು ಔಷಧಿ ನೀರಿನಲ್ಲಿ ಅದ್ದುವುದು, ಟವೆಲು ಕುದಿಸುವುದು, ರಜದ ದಿನ ಬ್ಲೀಚಿಂಗ್ ಪುಡಿ ಹಾಕಿ ನೆಲ ಉಜ್ಜುವುದು. ಅಂಗಡಿ ಇಟ್ಟ ಕಾಲದಿಂದ ಇಲ್ಲಿ ಒಬ್ಬನಿಗೂ ತಲೆಹುಣ್ಣು ಅಂಟಿಲ್ಲ ಎಂಬುದು ಅವನ ಹೆಮ್ಮೆ. ಬರಬರುತ್ತಾ ನಾನು ಕೊಳವೆ ಅಲ್ಲಾಡಿಸುವಾಗ ಪಕ್ಕಕ್ಕೆ ಬಂದು ನಿಲ್ಲತೊಡಗಿದ. "ಇವತ್ತೇನು ಬಣ್ಣ?" ಎಂದು ಕೇಳುವನು. ಕಡುಹಸಿರು ಬಂದ ದಿನ ಮುಖ ಸಣ್ಣದು ಮಾಡಿಕೊಳ್ಳುವನು, ಹಸಿರು ತೆಳುವಾದರೆ ಹೋಗಿ ಚಹಾ ಹೇಳಿಬರುವನು. ಹಳದಿ ಬಂತು, ನೇರಳೆ ಬಂತು. ನೇರಳೆ ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ.

ಆಮೇಲೆ ಕಲ್ಲುಗಳ ಮೇಲೆ ಕಂದು ಬಣ್ಣದ ಲೋಳೆ ಕಟ್ಟತೊಡಗಿತು. ಮರಳಿನ ಮೇಲೂ, ಗಾಜಿನ ಮೂಲೆಗಳಲ್ಲೂ. ನೋಡಲು ಅಸಹ್ಯವೇ. ಮೀನಿನಂಗಡಿಯಾಕೆಗೆ ಫೋನು ಮಾಡಿದರೆ ಆಕೆ ಖುಷಿಪಟ್ಟಳು. ಹೊಸ ತೊಟ್ಟಿಗೆಲ್ಲ ಹೀಗೇ ಬರುತ್ತೆ, ನೀರಿಗೆ ಜೀವ ಬರ್ತಿದೆ, ಮುಟ್ಟೋಕೆ ಹೋಗಬೇಡಿ ಅಂದಳು. ಅದು ಹಾಗೇ ಇರಬೇಕು ಅಪ್ಪ ಎಂದು ನಾನೂ ಹೇಳಿದೆ. ಅಪ್ಪ ಎಲ್ಲದಕ್ಕೂ ಆಡಿಸುವಂತೆ ತಲೆಯಾಡಿಸಿದ. ಆದರೆ ಬಂದವರೆಲ್ಲ "ತೊಟ್ಟಿ ಕೊಳೆತುಹೋಯ್ತಲ್ಲ" ಅನ್ನುತ್ತಿದ್ದರು, ಮತ್ತು ನಮ್ಮ ಅಂಗಡಿಯಲ್ಲಿ ಕೊಳೆ ಎಂಬ ಪದ ಅಪ್ಪನ ಎದೆಗೇ ಹೋಗಿ ನಾಟುತ್ತದೆ.

ಮಾಲೀಕರಿಗೆ ಹೆಸರು ಹೇಳಲು ಇನ್ನು ಎರಡೇ ದಿನ; ಮರುದಿನವೇ ಬಂದು ತೊಟ್ಟಿ ನೋಡುತ್ತೇನೆ ಅಂದಿದ್ದರು ಚಿಕ್ಕಪ್ಪ. ಅವತ್ತು ಅಂಗಡಿಗೆ ರಜ. ಬೆಳಿಗ್ಗೆ ಹೋಗಿ ನೀರು ಪರೀಕ್ಷೆ ಮಾಡಿದೆ. ಒಂದು ಕೊಳವೆ ಹಳದಿ, ಇನ್ನೊಂದು ತಿಳಿನೀಲಿ. ನಂಬಿಕೆ ಬರದೆ ಇನ್ನೊಮ್ಮೆ ಮಾಡಿದೆ. ಹಳದಿ, ತಿಳಿನೀಲಿ. ಖಾಲಿ ಅಂಗಡಿಯಲ್ಲಿ ಕನ್ನಡಿಯ ಮುಂದೆ ನಿಂತು ಒಬ್ಬಳೇ ನಕ್ಕೆ. ನಂತರ ಕೊಳವೆಗಳನ್ನು ಹಿಡಿದುಕೊಂಡು ಮೀನಿನಂಗಡಿಗೆ ಹೆಚ್ಚುಕಡಿಮೆ ಓಡಿಕೊಂಡೇ ಹೋದೆ. ಆಕೆ ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡಿ, "ಗೆದ್ರಿ. ಇವತ್ತು ಒಂದಿಷ್ಟು ನೀರು ಬದಲಾಯಿಸಿ, ನಾಳೆ ಬೆಳಿಗ್ಗೆ ಬನ್ನಿ, ಒಳ್ಳೇ ಜೋಡಿ ಕೊಡ್ತೀನಿ," ಅಂದಳು. ಸಮುದ್ರದ ಉಪ್ಪಿನ ಚೀಲ ಹೆಗಲ ಮೇಲೆ ಹಾಕಿಕೊಂಡು ವಾಪಸು ಬಂದೆ.

ಶಟರ್ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋಗುವ ಮೊದಲೇ ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಹೊಡೆಯಿತು. ನೆಲ ತೊಳೆದಿರಬೇಕು ಅಂದುಕೊಂಡೆ. ಅಪ್ಪ ಪ್ಯಾಂಟು ಮಡಚಿಕೊಂಡು, ಸೊಂಟ ಹಿಡಿದುಕೊಂಡು ನಿಂತಿದ್ದ. ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಕಲ್ಲುಗಳು ಉಜ್ಜಿದ ಹಲ್ಲಿನ ಹಾಗೆ ಬೆಳ್ಳಗೆ.

"ನೋಡು," ಅಂದ ಅಪ್ಪ. "ಹೇಗಿದೆ?"

"ಏನ್ ಮಾಡ್ದೆ ಅಪ್ಪ?"

"ಕೊಳೆ ಹಿಡಿದಿತ್ತಲ್ಲ. ಕಲ್ಲೆಲ್ಲ ಕುದಿಯೋ ನೀರಲ್ಲಿ ಅದ್ದಿ, ಬ್ಲೀಚಿಂಗ್ ಹಾಕಿ, ಬ್ರಷ್ಷಲ್ಲಿ ಉಜ್ಜಿದೆ. ಮರಳನ್ನೂ ಬಕೆಟ್ಟಲ್ಲಿ ಹಾಕಿ ತೊಳೆದೆ. ಆ ಹಳೇ ನೀರು ಚರಂಡಿಗೆ ಚೆಲ್ಲಿದೆ."

"ಮತ್ತೆ ಈ ನೀರು?"

"ನಲ್ಲೀದು. ಹೆದರಬೇಡ, ಉಪ್ಪು ಹಾಕಿದ್ದೀನಿ. ಅಡುಗೆ ಮನೇಲಿದ್ದ ಪ್ಯಾ‌ಕೆಟ್ಟೆಲ್ಲ ತಂದು ಸುರಿದೆ. ನಾಲಿಗೆಗೆ ಹಚ್ಚಿ ನೋಡಿದೆ, ಸರಿಯಾಗಿದೆ."

"ಕೊಂದುಬಿಟ್ಟೆಯಲ್ಲ ಅಪ್ಪ!"

"ಯಾರನ್ನ?" ಅವನು ನಿಜವಾಗಿಯೂ ಗಾಬರಿಯಾಗಿ ತೊಟ್ಟಿಯೊಳಗೆ ಹುಡುಕಿದ. "ಮೀನೇ ಇರಲಿಲ್ಲವಲ್ಲೇ."

ಹೆಗಲ ಮೇಲಿದ್ದ ಉಪ್ಪಿನ ಚೀಲ ಕೆಳಗೆ ಬಿತ್ತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕಣ್ಣಿಗೆ ಕಾಣದ್ದೂ ಬದುಕಿರುತ್ತೆ ಅಂದೆ. ಇಷ್ಟು ದಿನ ಕಾದದ್ದು ಅದಕ್ಕೇ ಅಂದೆ. ನಿನ್ನ ತಮ್ಮ ಮಾಡಬೇಕಾದ ಕೆಲಸಾನ ನೀನೇ ಮಾಡಿಕೊಟ್ಟೆ, ಅವರಿಗೆ ಇನ್ನೇನು ಬೇಕು ಅಂದೆ. ಅಪ್ಪ ಮಡಚಿದ್ದ ಪ್ಯಾಂಟನ್ನು ಒಂದೊಂದೇ ಮಡಿಕೆ ಬಿಚ್ಚಿ ಕೆಳಗಿಳಿಸಿಕೊಂಡ. ಬಿಸಿನೀರಿನಲ್ಲಿ ಅವನ ಬೆರಳುಗಳು ಕೆಂಪಗಾಗಿದ್ದವು.

"ನಾಳೆ ಅವನು ಬರ್ತಾನಲ್ಲ," ಅಂದ. "ನಿನ್ನ ತೊಟ್ಟಿ ನೋಡಿ ಮೂಗು ಮುರಿಯಬಾರದು ಅಂತ ಮಾಡ್ದೆ."

ಆ ಮಾತಿಗೆ ನನಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಪ್ರೀತಿಯಿಂದ ಹಾಳು ಮಾಡಿದವನ ಮೇಲೆ ಪೂರ್ತಿ ಕೋಪ ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ. ಇಬ್ಬರೂ ಶಟರ್ ಎಳೆದುಕೊಂಡು ಮನೆಗೆ ಹೋದೆವು.

ಮರುದಿನ ಕಂಡಕ್ಟರ್ ಮಾಮನ ಒಂದು ಕೆನ್ನೆ ಮುಗಿದಿತ್ತು, ಅಷ್ಟರಲ್ಲಿ ಚಿಕ್ಕಪ್ಪ ಮಗನನ್ನು ಕರೆದುಕೊಂಡು ಬಂದರು. ಮಗನ ಎರಡು ಕೈಯಲ್ಲೂ ಉಬ್ಬಿದ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ನೀರು, ನೀರಿನಲ್ಲಿ ಒಂದೊಂದು ಕಿತ್ತಳೆ ಮೀನು.

"ಮೀನಿಲ್ಲ ಅಂತ ಬೋರ್ಡು ಬೇರೆ ಹಾಕಿದ್ದೀಯಂತೆ," ಅಂದರು ಚಿಕ್ಕಪ್ಪ. "ಪಾಪ, ಸಿಗಲಿಲ್ಲವೇನೋ ಅಂತ ಮಾರ್ಕೆಟ್ಟಿಂದ ನಾನೇ ತಂದೆ. ತಗೋ, ಹಾಕು. ನನ್ನ ಮಾತು ಮಾತೇ. ಮೀನು ಓಡಾಡಿದ್ರೆ ನಿನ್ನ ಹೆಸರು. ಕೇಳಿದವರಿಗೆಲ್ಲ ಮಾತ್ರ ಹೇಳ್ಬೇಕು, ಮೀನು ತಂದುಕೊಟ್ಟಿದ್ದು ಚಿಕ್ಕಪ್ಪ ಅಂತ."

ಅವರು ಕೆಟ್ಟವರಲ್ಲ. ಕೊಡುವುದರಲ್ಲಿ ಯಾವತ್ತೂ ಕೈ ಹಿಂದೆ ಇಲ್ಲ. ಕೊಟ್ಟ ಮೇಲೆ ಜೀವನವಿಡೀ ಅದನ್ನು ನೆನಪಿಸುತ್ತಾರೆ, ಅಷ್ಟೇ. ನನ್ನ ಅಂಗಡಿಯನ್ನು ನನಗೇ ದಾನ ಕೊಡಲು ಬಂದಿದ್ದರು.

"ಇದರಲ್ಲಿ ಬಿಟ್ರೆ ಸಾಯ್ತವೆ ಚಿಕ್ಕಪ್ಪ."

"ಯಾಕೆ? ನೀರು ಕನ್ನಡಿ ಇದ್ದ ಹಾಗಿದೆಯಲ್ಲ!"

"ಅದಕ್ಕೇ ಸಾಯೋದು."

ಅವರ ಮಗ ನನ್ನ ಹತ್ತಿರ ಸರಿದು ದನಿ ತಗ್ಗಿಸಿದ. "ಒಂದು ದಿನ ಓಡಾಡಿದ್ರೆ ಸಾಕಲ್ಲ ಅಕ್ಕ. ಸಹಿ ಆಗಲಿ. ಆಮೇಲೆ ಏನಾದ್ರೆ ನಿಂಗೇನು?" ಕಳೆದುಕೊಳ್ಳುವವನು ಅವನು, ಆದರೂ ಹೇಳಿದ; ಮೊಬೈಲ್ ಅಂಗಡಿ ಇಲ್ಲಲ್ಲದಿದ್ದರೆ ಇನ್ನೆಲ್ಲೋ ಹಾಕಿದರಾಯ್ತು ಅನ್ನುವವನು. ಕಂಡಕ್ಟರ್ ಮಾಮ ಅರ್ಧ ನೊರೆಯಲ್ಲೇ, "ಹಾಕಮ್ಮ, ಹಾಕು, ಅಂಗಡಿ ಉಳಿಯುತ್ತೆ," ಅಂದ. ಹಿಂದಿನಿಂದ ಅಪ್ಪ ಬಂದು ನನ್ನ ಮೊಣಕೈ ಮುಟ್ಟಿದ. "ಬಿಟ್ಬಿಡೇ. ಎರಡು ಮೀನು ತಾನೇ."

ತೊಟ್ಟಿಗೆ ಬಿಟ್ಟುಬಿಡೋಣ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಕೈ ಚಾಚಿದ್ದೆ. ಚೀಲದೊಳಗಿನ ಮೀನು ನನ್ನ ಬೆರಳಿನ ಕಡೆ ಬಂತು, ಊಟ ಸಿಕ್ಕೀತೆಂದೋ ಏನೋ. ಬ್ಲೀಚಿಂಗ್ ನೀರಿನಲ್ಲಿ ಅದು ಬಾಯಿ ಬಾಯಿ ಬಿಡುತ್ತಾ ಮೇಲಕ್ಕೆ ಬರುವುದು, ಅದರ ಮುಂದೆ ನಾನು ಸಹಿ ಹಾಕಿಸಿಕೊಂಡು ನಿಲ್ಲುವುದು, ಎರಡೂ ಕಣ್ಣಿಗೆ ಕಟ್ಟಿದವು. ಕೈ ಹಿಂದಕ್ಕೆ ಬಂತು.

"ಹಾಕಲ್ಲ," ಅಂದೆ.

"ಇಷ್ಟು ದಿನ ಇದ್ರ ಮುಂದೆ ಕೂತು ಏನ್ ಮಾಡ್ತಿದ್ದೆ ಹಾಗಾದ್ರೆ?" ಚಿಕ್ಕಪ್ಪನ ದನಿ ಏರಿತು. "ನೀರು ಸಾಕ್ತಿದ್ದೆಯಂತಲ್ಲ, ಯಾರು ಕೆಡಿಸಿದ್ದು?"

"ನಾನೇ. ತೊಳೆಯಬಾರದಿತ್ತು, ತೊಳೆದೆ."

"ಸುಳ್ಳು," ಅಂದ ಅಪ್ಪ. "ತೊಳೆದದ್ದು ನಾನು."

ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರಿಹೋಯ್ತು! ಅಪ್ಪ ತೊಳೀತಾನೆ, ಮಗಳು ಅಳ್ತಾಳೆ. ಇವರ ಕೈಲಿ ಅಂಗಡಿ!"

"ಅಳ್ತಿಲ್ಲ ನಾನು," ಅಂದೆ. "ಕೇಳಿ ಚಿಕ್ಕಪ್ಪ. ಈ ಎರಡು ಜೀವ ತೆಗೆದು ನಿಮ್ಮ ಪಣ ಗೆಲ್ಲಲ್ಲ. ಪಣ ಸೋತೆ ಅಂತ ಅಂಗಡಿ ಬಿಟ್ಟೂ ಹೋಗಲ್ಲ. ಮೀನಿರಲಿ ಬಿಡಲಿ, ಇಲ್ಲಿ ನಿಂತು ಕೂದಲು ಕತ್ತರಿಸ್ತಿರೋಳು ನಾನು. ನಿಮ್ಮ ಮಗನ ಹೆಸರೇ ಹಾಕ್ಸಿ. ನಾಳೆ ಬೆಳಿಗ್ಗೆ ಶಟರ್ ಎತ್ತೋಳು ನಾನೇ. ಅವನು ಬಂದು ನನ್ನ ಕೈಯಿಂದ ಈ ಅಂಗಡೀನ ಕಿತ್ಕೊಳ್ಳಲಿ, ನೋಡೋಣ."

ನನ್ನ ಕೈಯಲ್ಲಿ ರೇಜರ್ ಇತ್ತೆಂಬುದು ಹೇಳಿದ ಮೇಲೆಯೇ ನೆನಪಾದದ್ದು. ಚಿಕ್ಕಪ್ಪನ ಮಗ ಎರಡು ಹೆಜ್ಜೆ ಹಿಂದೆ ಹೋಗಿ, ಚೀಲಗಳನ್ನು ಬೆಂಚಿನ ಮೇಲಿಟ್ಟ.

"ಕೇಳಿದ್ಯಾ ಅಣ್ಣ, ಮಗಳ ಬಾಯಿ?" ಚಿಕ್ಕಪ್ಪ ಕೆಂಪಗಾಗಿದ್ದರು. "ಮೀನಿಲ್ಲ, ಮಾತು ಮುಗೀತು. ನಾಳೆ ಮಾಲೀಕರಿಗೆ ನನ್ನ ಮಗನ ಹೆಸರು ಹೇಳು."

ಎಲ್ಲರೂ ಅಪ್ಪನ ಕಡೆ ನೋಡಿದರು. ಅವನು ಬೆಂಚಿನ ಹತ್ತಿರ ಹೋಗಿ ಒಂದು ಚೀಲದ ಮೇಲೆ ಅಂಗೈ ಇಟ್ಟು ನೋಡಿದ. "ತಣ್ಣಗಾಗ್ತಿದೆ," ಅಂದ. ಸ್ವೆಟರ್ ಎತ್ತಿ, ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಸ್ವೆಟರ್ ಇಳಿಸಿದ. "ಇನ್ನೊಂದನ್ನ ನೀನು ತಗೋ. ನಿನ್ನ ಮೀನಿನಂಗಡಿ ಎಲ್ಲಿ?"

"ನಾನು ಹಿಂಗೇ ಕೂತಿರ್ಲಾ?" ಅಂದ ಕಂಡಕ್ಟರ್ ಮಾಮ, ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ನೊರೆ.

"ಕೂತಿರಿ. ಬಂದೆ," ಅಂದು ಹೊರಟೆ.

ದಾರಿಯಲ್ಲಿ ಅಪ್ಪ ಬಸುರಿಯಂತೆ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಡೆದ. ಎದುರು ಬಂದವರು ತಿರುಗಿ ತಿರುಗಿ ನೋಡಿದರು.

"ಅಂಗಡಿ ಸಿಗ್ತಿತ್ತಲ್ಲೇ ನಿಂಗೆ," ಅಂದ ಮೊದಲನೆಯ ಬೀದಿ ಮುಗಿದ ಮೇಲೆ.

"ಸಿಗ್ತಿತ್ತು."

"ಸುಮ್ನೆ ಹಾಕಿದ್ರೆ ಮುಗೀತಿತ್ತು."

"ನಮ್ಮ ಜಗಳ ಮೀನಿಗೇನು ಗೊತ್ತಪ್ಪ? ಅದ್ಯಾಕೆ ಸಾಯ್ಬೇಕು?"

ಅವನು ಸ್ವೆಟರಿನ ಮೇಲಿನಿಂದ ಚೀಲವನ್ನು ಇನ್ನಷ್ಟು ಭದ್ರವಾಗಿ ಹಿಡಿದುಕೊಂಡ.

ಮೀನಿನಂಗಡಿಯಾಕೆ ನಮ್ಮಿಬ್ಬರ ಮುಖ ನೋಡಿ ಏನೂ ಕೇಳದೆ ಚೀಲಗಳನ್ನು ತನ್ನದೊಂದು ತೊಟ್ಟಿಯಲ್ಲಿ ತೇಲಿಬಿಟ್ಟಳು. ಸ್ವಲ್ಪ ಸ್ವಲ್ಪವೇ ತನ್ನ ನೀರನ್ನು ಚೀಲಕ್ಕೆ ಸೇರಿಸಿದಳು. ಬಲೆಯಿಂದ ಎತ್ತಿ ಬಿಟ್ಟಾಗ ಎರಡೂ ತಳಕ್ಕೆ ಹೋಗಿ ಒಂದರ ಪಕ್ಕ ಒಂದು ನಿಂತವು. "ಬದುಕ್ತವೆ," ಅಂದಳು. ನಂತರ ನಡೆದದ್ದನ್ನು ಹೇಳಿದೆ. ಬ್ಲೀಚಿಂಗ್ ಎಂದ ಕೂಡಲೇ ಆಕೆ ಕಣ್ಣು ಮುಚ್ಚಿಕೊಂಡಳು.

"ಹಾಗಾದ್ರೆ ಮತ್ತೆ ಮೊದಲಿಂದ. ಅಷ್ಟು ದಿನ ಇವನ್ನ ನಿಮಗೆ ಅಂತ ಇಟ್ಕೊಳ್ಳಲಾ, ಬೇರೆಯವರಿಗೆ ಕೊಟ್ಬಿಡಲಾ?"

ಅಂಗಡಿಯಲ್ಲಿ ಅಷ್ಟೆಲ್ಲ ಹಾರಾಡಿದವಳು ಇಲ್ಲಿ ಲೆಕ್ಕ ಹಾಕತೊಡಗಿದೆ. ನಾಳೆ ಆ ಜಾಗದಲ್ಲಿ ಮೊಬೈಲ್ ಕವರು ತೂಗಾಡುತ್ತವೆ. ಶಟರ್ ಎತ್ತುತ್ತೇನೆ ಅಂದದ್ದೇನೋ ಸರಿ, ಕರಾರಿಲ್ಲದವಳು ಎಷ್ಟು ದಿನ ಎತ್ತಿಯಾಳು? ತೊಟ್ಟಿ ಇಡಲು ಮನೆಯಲ್ಲಿ ಜಾಗವೂ ಇಲ್ಲ. "ಕೊಟ್ಬಿಡಿ," ಅಂದೆ. ಆ ಮೂರಕ್ಷರ ಹೇಳುವಾಗ ಆದ ಸಂಕಟ ಚಿಕ್ಕಪ್ಪನ ಮುಂದೆಯೂ ಆಗಿರಲಿಲ್ಲ.

"ಕೊಡಬೇಡಿ," ಅಂದ ಅಪ್ಪ. "ಇಟ್ಕೊಳ್ಳಿ."

"ಎಲ್ಲಿ ಇಡ್ತೀಯಪ್ಪ ಅವನ್ನ?"

ಅವನು ಜೇಬಿನಿಂದ ಫೋನು ತೆಗೆದ. ನಡುಗುವ ಬೆರಳು ಎರಡು ಸಲ ತಪ್ಪು ಜಾಗ ಒತ್ತಿತು. ನನ್ನ ಕೈಗೆ ಕೊಟ್ಟು, "ನಿನ್ನ ಚಿಕ್ಕಪ್ಪಂಗೆ ಹಚ್ಚು," ಅಂದ. ಹಚ್ಚಿಕೊಟ್ಟೆ. ಪಂಪುಗಳ ಸದ್ದಿನ ಮೇಲೆ ಕೇಳಬೇಕೆಂದು ಅಪ್ಪ ಜೋರಾಗಿಯೇ ಮಾತಾಡಿದ.

"ನಾನು ಕಣೋ. ನಾಳೆ ಮಾಲೀಕರಿಗೆ ನನ್ನ ಮಗಳ ಹೆಸರು ಹೇಳ್ತೀನಿ."

ಆ ಕಡೆಯಿಂದ ಚಿಕ್ಕಪ್ಪನ ದನಿ ನನಗೂ ಕೇಳಿಸುವಷ್ಟು ಏರಿತು.

"ಗೊತ್ತು, ಮೀನಿಲ್ಲ. ಅಂಗಡಿ ಕೈಗೆ ಬರ್ತಿದ್ರೂ ಎರಡು ಮೀನು ಸಾಯ್ಸಲಿಲ್ಲ ನೋಡು ಅವಳು. ನಾನಾಗಿದ್ರೆ ಹಾಕಿರ್ತಿದ್ದೆ. ನೀನೂ ಹಾಕಿರ್ತಿದ್ದೆ."

ಮತ್ತೆ ಚಿಕ್ಕಪ್ಪನ ದನಿ. ಅಪ್ಪ ಸ್ವಲ್ಪ ಹೊತ್ತು ಕೇಳಿಸಿಕೊಂಡ.

"ಇಲ್ಲಪ್ಪ," ಅಂದ. "ನಿನ್ನ ಕೇಳ್ತಿಲ್ಲ ನಾನು. ಹೇಳ್ತಿದ್ದೀನಿ."

ಫೋನು ಇಟ್ಟುಬಿಟ್ಟ. ಇಟ್ಟ ಮೇಲೆ ತಾನೇ ಹೆದರಿದವನಂತೆ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತ. ನಾನು ಮೀನು ನೋಡುವ ನೆಪದಲ್ಲಿ ತೊಟ್ಟಿಯ ಕಡೆ ತಿರುಗಿ ಮುಖ ಒರೆಸಿಕೊಂಡೆ. ಖುಷಿಯಾಗಿತ್ತು, ತುಂಬ ಖುಷಿಯಾಗಿತ್ತು, ಅದನ್ನು ಹೇಳದೆ ಯಾಕೆ ಮುಚ್ಚಿಡಲಿ. ಮೀನಿನಂಗಡಿಯಾಕೆ ಒಂದು ಚೀಟಿ ಹರಿದು ಆ ತೊಟ್ಟಿಗೆ ಅಂಟಿಸಿ, ಮಾರಾಟಕ್ಕಿಲ್ಲ ಅಂತ ಬರೆದಳು.

"ಈಗ ಆ ನೀರನ್ನ ಹೇಗೆ ಮಾಡ್ಬೇಕು ಹೇಳು," ಅಂದ ಅಪ್ಪ. "ಮೊದಲಿಂದ ಹೇಳು, ಸರಿಯಾಗಿ ಹೇಳು."

"ಮೊದಲನೇದು, ನೀನು ಅದಕ್ಕೆ ಕೈ ಹಾಕೋ ಹಾಗಿಲ್ಲ."

"ಅದೊಂದು ಬಿಟ್ಟು ಬೇರೆ ಹೇಳು," ಅಂದ ಅಪ್ಪ.